ರೀಲಿಗೆ ದಾರ ಸುತ್ತಿದವರು

ಕಳೆದ ಬೇಸಿಗೆಯಲ್ಲಿ ಧಾರವಾಡ ತಾಲೂಕಿನ ಕೆರೆಗಳ ಹೂಳಿನ ಬಗ್ಗೆ ವರದಿ ಮಾಡಲು ನಾವು ಮೂವರು ಊರೂರು ಸುತ್ತುತ್ತಿದ್ದೆವು. ನಮ್ಮಲ್ಲೊಬ್ಬನಿಗೆ ಆಗಷ್ಟೇ ಗಾಳದ ಹುಚ್ಚು ಹತ್ತಿತ್ತು. ಆನ್‌ಲೈನಿನಲ್ಲಿ ತರಿಸಿದ ರಾಡು, ರೀಲು, ನೂರು ಮೀಟರು ಹಸಿರು ಬಣ್ಣದ ಹೆಣೆದ ದಾರ ಎಲ್ಲವನ್ನೂ ಬೈಕಿಗೆ ಕಟ್ಟಿಕೊಂಡೇ ತಿರುಗುತ್ತಿದ್ದ. ಒಂದು ಭಾನುವಾರ ಕೆಲಸ ಮುಗಿದ ಮೇಲೆ, ಕೆರೆ ಗುತ್ತಿಗೆ ಹಿಡಿದವರ ಒಪ್ಪಿಗೆ ಕೇಳಿ ದಂಡೆಯ ಮೇಲೆ ಕೂತೆವು.

ಹಿಟ್ಟಿನ ಉಂಡೆಗೆ ಮೀನು ಬಿತ್ತು. ಸಣ್ಣದಲ್ಲ, ನೀರ ಮೇಲೆ ಒಮ್ಮೆ ಹೊರಳಿದಾಗ ಕಾಟ್ಲಾ ಎಂದು ಗೊತ್ತಾಯಿತು. ಗೆಳೆಯ ರೀಲಿನ ಹಿಡಿಕೆ ತಿರುಗಿಸತೊಡಗಿದ. ಹಿಡಿಕೆ ತಿರುಗುತ್ತಿತ್ತು, ರೀಲೂ ತಿರುಗುತ್ತಿತ್ತು, ದಾರ ಮಾತ್ರ ಬರುತ್ತಿರಲಿಲ್ಲ. ಮೀನು ಎಳೆದಷ್ಟೂ ದಾರ ಹೋಗುತ್ತಿತ್ತು. ಕೈಯಿಂದ ಹಿಡಿಯಲು ಹೋಗಿ ಬೆರಳು ಕೊಯ್ದುಕೊಂಡ. ಕೊನೆಗೆ ರೀಲಿನ ಬುಡಕ್ಕೆ ಹಾಕಿದ್ದ ಗಂಟೂ ಜಾರಿತು. ನೂರು ಮೀಟರು ದಾರ ಮೀನಿನ ಹಿಂದೆ ಕೆರೆಯೊಳಗೆ ಹೋಯಿತು.

ನಮ್ಮ ಹಿಂದೆ ಎಮ್ಮೆ ಮೇಯಿಸುತ್ತ ನಿಂತಿದ್ದ ಹಿರಿಯರೊಬ್ಬರು ನಗಲಿಲ್ಲ. ಹತ್ತಿರ ಬಂದು ಖಾಲಿ ರೀಲನ್ನು ಕೈಗೆ ತಗೊಂಡು, ಅದರ ನುಣುಪಾದ ಬುಡದ ಮೇಲೆ ಹೆಬ್ಬೆರಳು ಆಡಿಸಿದರು.

“ಒಳಗಿನ ಸುತ್ತ ಜಾರೇತಿ ತಮ್ಮಾ. ಮೊದಲನೇ ಸುತ್ತ ಹಿಡೀಲಿಲ್ಲಂದ್ರ ಮ್ಯಾಲ ಎಷ್ಟ ಸುತ್ತಿದ್ರೇನು?”

“ಕಾಕಾ, ನೀವೂ ಗಾಳಾ ಹಾಕ್ತೀರೇನ್ರಿ?” ಎಂದು ಕೇಳಿದೆವು.

“ಇಲ್ಲಪಾ. ನಾ ಮೀನಾ ಹಿಡಿದಾಂವ ಅಲ್ಲ. ಹುಬ್ಬಳ್ಳಿ ಗಿರಣ್ಯಾಗ ಇಪ್ಪತ್ತೆರಡ ವರ್ಷ ನೂಲ ಸುತ್ತೇನಿ.”

ನೂಲಿನ ಗಿರಣಿಯ ವೈಂಡಿಂಗ್ ವಿಭಾಗದಲ್ಲಿ ದುಡಿದ ಮನುಷ್ಯ ಜೀವಮಾನದಲ್ಲಿ ಮೊದಲ ಬಾರಿ ಮೀನಿನ ರೀಲು ನೋಡಿ ಅದರ ದೋಷವನ್ನು ಒಂದೇ ನೋಟಕ್ಕೆ ಹೇಳಿದ್ದು ಹೇಗೆ ಎಂಬ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಅದರ ಬೆನ್ನು ಹತ್ತಿ ಕೆಲವು ತಿಂಗಳು ಓದಿ, ಕೇಳಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಗಾಳ ಹಾಕುವವರ ಕತೆ ಅಲ್ಲಲ್ಲಿ ಸಿಗುತ್ತದೆ. ಇದು ಆ ಗಾಳದ ಹಿಂದಿನ ದಾರದ ಕತೆ, ಅದನ್ನು ಸುತ್ತಿದವರ ಕತೆ.

ಹೊಸೆದದ್ದು, ಹೆಣೆದದ್ದು

ನಮ್ಮ ಭಾಷೆಯಲ್ಲಿ ದಾರಕ್ಕೆ ಸಂಬಂಧಿಸಿದ ಎರಡು ಕ್ರಿಯಾಪದಗಳಿವೆ. ಒಂದು ಹೊಸೆಯುವುದು, ಇನ್ನೊಂದು ಹೆಣೆಯುವುದು. ತೊಡೆಯ ಮೇಲೆ ಬತ್ತಿ ಹೊಸೆಯುತ್ತಾರೆ, ಪುಂಡಿ ನಾರಿನಿಂದ ಹಗ್ಗ ಹೊಸೆಯುತ್ತಾರೆ. ಜಡೆ ಹೆಣೆಯುತ್ತಾರೆ, ಬುಟ್ಟಿ ಹೆಣೆಯುತ್ತಾರೆ. ಮೀನಿನ ದಾರದ ಇತಿಹಾಸವೆಲ್ಲ ಈ ಎರಡು ಮಾತುಗಳ ನಡುವೆ ಇದೆ.

ಹೊಸೆದ ಹಗ್ಗದಲ್ಲಿ ಎಳೆಗಳೆಲ್ಲ ಒಂದೇ ದಿಕ್ಕಿಗೆ ತಿರುಚಿಕೊಂಡಿರುತ್ತವೆ. ಭಾರ ಬಿದ್ದಾಗ ಹಗ್ಗ ತನ್ನ ಹುರಿ ಬಿಚ್ಚಿಕೊಳ್ಳಲು ನೋಡುತ್ತದೆ. ಬಾವಿಗೆ ಬಿಟ್ಟ ಕೊಡ ನೀರು ಮುಟ್ಟುವ ಮೊದಲು ತನ್ನಷ್ಟಕ್ಕೆ ತಾನು ಗಿರಗಿರ ತಿರುಗುವುದನ್ನು ಹಳ್ಳಿಯಲ್ಲಿ ಬೆಳೆದವರೆಲ್ಲ ನೋಡಿದ್ದೇವೆ. ಹೆಣೆದ ದಾರದಲ್ಲಿ ಅರ್ಧ ಎಳೆಗಳು ಎಡಕ್ಕೆ ಓಡಿದರೆ ಅರ್ಧ ಬಲಕ್ಕೆ ಓಡುತ್ತವೆ. ಒಂದರ ತಿರುಚನ್ನು ಇನ್ನೊಂದು ತಡೆಯುತ್ತದೆ. ಅದಕ್ಕೇ ಹೆಣೆದದ್ದು ಭಾರಕ್ಕೆ ತಿರುಗುವುದಿಲ್ಲ, ಸುರುಳಿಗಟ್ಟುವುದೂ ಕಡಿಮೆ. ಇವತ್ತು ಅಂಗಡಿಯವರು ಬ್ರೇಡ್ ಎಂದು ಮಾರುವುದು ಇದನ್ನೇ. ನಾಲ್ಕೆಳೆಯದ್ದು ಒರಟು, ಎಂಟೆಳೆಯದ್ದು ನುಣುಪು.

ಧಾರವಾಡ ಸೀಮೆಗೆ ನಾರಿನ ಕೊರತೆ ಎಂದೂ ಇರಲಿಲ್ಲ. ರೊಟ್ಟಿಯ ಜೊತೆ ನಾವು ಉಣ್ಣುವ ಪುಂಡಿಪಲ್ಲೆಯ ಗಿಡವೇ ಬಲಿತ ಮೇಲೆ ಹಗ್ಗದ ನಾರು ಕೊಡುತ್ತಿತ್ತು. ಸಣಬಿನ ನಾರು ಹಗ್ಗಕ್ಕೂ ಬಲೆಗೂ ಆಗುತ್ತಿತ್ತು. ಹತ್ತಿಯಂತೂ ಎರೆಹೊಲದ ತುಂಬ ಇತ್ತು. ಆದರೆ ಹತ್ತಿ, ಸಣಬು ಎರಡಕ್ಕೂ ನೀರೇ ಶತ್ರು. ಒದ್ದೆಯಾಗಿ ಬಿಟ್ಟರೆ ಕೊಳೆಯುತ್ತವೆ. ಕರಾವಳಿಯ ಮೀನುಗಾರರು ಬಲೆಗಳನ್ನು ಮರದ ತೊಗಟೆಯ ಕಷಾಯದಲ್ಲಿ ಅದ್ದಿ, ದಿನವೂ ಬಿಸಿಲಿಗೆ ಹರವಿ ಕಾಪಾಡಿಕೊಳ್ಳುತ್ತಿದ್ದರು. ನೈಲಾನ್ ಬರುವವರೆಗೆ ಮೀನು ಹಿಡಿಯುವ ಕೆಲಸದ ದೊಡ್ಡ ಪಾಲು ದಾರ ಒಣಗಿಸುವುದರಲ್ಲೇ ಹೋಗುತ್ತಿತ್ತು.

ಕಲ್ಯಾಣದ ದೊರೆಯ ಮೀನಿನ ಅಧ್ಯಾಯ

ಹುಬ್ಬಳ್ಳಿಯ ಉಣಕಲ್ಲಿನಲ್ಲಿ ಚಂದ್ರಮೌಳೇಶ್ವರ ಗುಡಿ ಇದೆ. ಕಲ್ಯಾಣ ಚಾಲುಕ್ಯರ ಕಾಲದ್ದು. ಈ ಸೀಮೆ ಅವರ ರಾಜ್ಯದ ಭಾಗವಾಗಿತ್ತು. ಆ ಮನೆತನದ ಮೂರನೆಯ ಸೋಮೇಶ್ವರ, ಆರನೆಯ ವಿಕ್ರಮಾದಿತ್ಯನ ಮಗ, 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಎಂಬ ದೊಡ್ಡ ಗ್ರಂಥ ಬರೆದ. ಅದಕ್ಕೆ ‘ಅಭಿಲಷಿತಾರ್ಥ ಚಿಂತಾಮಣಿ’ ಎಂಬ ಹೆಸರೂ ಇದೆ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗ, ಒಟ್ಟು ನೂರು ಅಧ್ಯಾಯ. ರಾಜ್ಯಭಾರ, ಅಡುಗೆ, ಆನೆ, ಕುದುರೆ, ಸಂಗೀತ, ಚಿತ್ರಕಲೆ ಎಲ್ಲವೂ ಅದರಲ್ಲಿವೆ. ವಿನೋದಗಳ ಭಾಗದಲ್ಲಿ ‘ಮತ್ಸ್ಯವಿನೋದ’ ಎಂಬ ಅಧ್ಯಾಯ ಬರುತ್ತದೆ. ಅದು ಗಾಳದಿಂದ ಮೀನು ಹಿಡಿಯುವುದರ ಬಗ್ಗೆ.

ಆ ಅಧ್ಯಾಯದಲ್ಲಿ 35 ಬಗೆಯ ಮೀನುಗಳ ವಿವರ ಇದೆ. ಸಮುದ್ರದವು ಯಾವುವು, ಹೊಳೆಯವು ಯಾವುವು, ಪೊರೆ ಇರುವವು, ಇಲ್ಲದವು, ಯಾವ ಮೀನಿಗೆ ಯಾವ ತಿನಿಸು ಹಾಕಿ ಒಂದು ಜಾಗಕ್ಕೆ ರೂಢಿ ಮಾಡಿಸಬೇಕು ಎಂದೆಲ್ಲ ದೊರೆ ಬರೆದಿದ್ದಾನೆ. ಮೀನುಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಈ ಅಧ್ಯಾಯದ ಮೇಲೆ ಲೇಖನ ಬರೆದು ಅದನ್ನು ವಿಜ್ಞಾನಿಗಳ ಗಮನಕ್ಕೆ ತಂದರು. ಅವರು ಆಗ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ನಿರ್ದೇಶಕರಾಗಿದ್ದವರು.

ಇಲ್ಲಿ ನಮಗೆ ಒಂದು ಅನುಮಾನ ಬಂತು. ಒಬ್ಬ ಚಕ್ರವರ್ತಿಗೆ ಯಾವ ಮೀನು ಯಾವ ಉಂಡೆಗೆ ಬರುತ್ತದೆ ಎಂದು ಹೇಳಿಕೊಟ್ಟವರು ಯಾರು? ದಂಡೆಯ ಮೇಲೆ ದಿನಗಟ್ಟಲೆ ತಿನಿಸು ಚೆಲ್ಲಿ ಮೀನು ರೂಢಿ ಮಾಡಿದವರು, ನಾರು ಹೊಸೆದು ದಾರ ಮಾಡಿದವರು ಹೊಳೆಯ ಮಂದಿಯೇ ಇರಬೇಕು. ಅದೇ ಶತಮಾನದಲ್ಲಿ ಇದೇ ನಾಡಿನಲ್ಲಿ ಅಂಬಿಗರ ಚೌಡಯ್ಯ ತನ್ನ ಕಾಯಕದ ಹೆಸರನ್ನೇ ಮುಂದಿಟ್ಟುಕೊಂಡು ವಚನ ಹೇಳಿದ. ದೋಣಿಯವನ ಹೆಸರು ಉಳಿದದ್ದು ಹಾಗೆ, ಅವನೇ ಹೇಳಿದ್ದರಿಂದ. ದೊರೆಯ ಗಾಳಕ್ಕೆ ದಾರ ಕಟ್ಟಿದವರ ಹೆಸರು ಉಳಿಯಲಿಲ್ಲ.

ಗಿರಣಿಯಿಂದ ಬಂದ ರೀಲು

ದಾರ ಉದ್ದವಾದಾಗ ಅದನ್ನು ಎಲ್ಲಿ ಇಡಬೇಕು ಎಂಬ ಪ್ರಶ್ನೆ ಏಳುತ್ತದೆ. ರೀಲಿನ ಅತಿ ಹಳೆಯ ಚಿತ್ರ ಎಂದು ಸಾಮಾನ್ಯವಾಗಿ ತೋರಿಸುವುದು ಚೀನಾದ ಚಿತ್ರಕಾರ ಮಾ ಯುವಾನ್ 1195ರ ಸುಮಾರಿಗೆ ಬಿಡಿಸಿದ ಒಂದು ಚಿತ್ರವನ್ನು. ಚಳಿಗಾಲದ ಸರೋವರದಲ್ಲಿ ಸಣ್ಣ ದೋಣಿ, ಅದರಲ್ಲಿ ಬಾಗಿ ಕೂತ ಒಬ್ಬ, ಅವನ ಕೋಲಿಗೆ ಪುಟ್ಟ ಗಾಲಿ. ಸೋಮೇಶ್ವರನ ಗ್ರಂಥಕ್ಕೂ ಈ ಚಿತ್ರಕ್ಕೂ ನಡುವೆ ಎರಡು ತಲೆಮಾರಿನ ಅಂತರ ಅಷ್ಟೆ. ಇಂಗ್ಲೆಂಡಿನ ಪುಸ್ತಕಗಳಲ್ಲಿ ರೀಲಿನ ಮಾತು ಮೊದಲು ಬರುವುದು 1651ರಲ್ಲಿ.

ಕಾಕಾ ಯಾಕೆ ಸರಿಯಾಗಿ ಹೇಳಿದರು ಎಂಬುದಕ್ಕೆ ಉತ್ತರ ಇದರ ಮುಂದಿನ ಕತೆಯಲ್ಲಿದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಊರು ಲೇಸಿನ ಕೆಲಸಕ್ಕೆ ಹೆಸರಾಗಿತ್ತು. ಅಲ್ಲಿ 19ನೇ ಶತಮಾನದಲ್ಲಿ ಬಂದ ಮರದ ರೀಲಿಗೆ ಲೇಸಿನ ದಾರ ಸುತ್ತುವ ಬಾಬಿನ್ನೇ ಮಾದರಿ ಎನ್ನುತ್ತಾರೆ. ಈ ರೀಲುಗಳಲ್ಲಿ ಗಾಳ ಎಸೆದಾಗ ಗಾಲಿಯೇ ತಿರುಗಿ ದಾರ ಬಿಡಬೇಕು. ಹಗುರ ತೂಕದ ಗಾಳಕ್ಕೆ ಗಾಲಿ ತಿರುಗುವುದಿಲ್ಲ. ತಿರುಗಿದರೂ ಸಮಯಕ್ಕೆ ನಿಲ್ಲದೆ ದಾರವೆಲ್ಲ ಗೋಜಲಾಗುತ್ತದೆ. 1884ರಲ್ಲಿ ಸ್ಕಾಟ್ಲೆಂಡಿನ ಪರ್ತ್ ಊರಿನ ಪೀಟರ್ ಮ್ಯಾಲಕ್ ಎಂಬಾತ ಗಾಲಿಯನ್ನು ಅಡ್ಡ ತಿರುಗಿಸಿ, ಅದು ನಿಂತಲ್ಲೇ ನಿಂತು ದಾರ ಅಂಚಿನಿಂದ ಜಾರಿಹೋಗುವಂತೆ ಮಾಡಿದ. 1905ರಲ್ಲಿ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ ಎಂಬಾತ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಅವನ ರೀಲಿನಲ್ಲಿ ಬಾಬಿನ್ನು ಸ್ಥಿರ. ದಾರ ಬಿಡುವಾಗ ತುದಿಯಿಂದ ಜಾರುತ್ತದೆ. ಸುತ್ತುವಾಗ ಒಂದು ಕೊಕ್ಕೆ ಬಾಬಿನ್ನಿನ ಸುತ್ತ ಓಡಾಡಿ ದಾರವನ್ನು ಹಾಕುತ್ತದೆ. ಇವತ್ತು ನಮ್ಮ ಗೆಳೆಯನ ಕೈಯಲ್ಲಿರುವುದು ಆ ರೀಲಿನ ಮರಿಮಗ.

ಈ ಇಲ್ಲಿಂಗ್‌ವರ್ತ್ ಮೀನುಗಾರನಷ್ಟೇ ಅಲ್ಲ, ಉಣ್ಣೆ ಗಿರಣಿಗಳ ಊರಾದ ಬ್ರಾಡ್‌ಫರ್ಡಿನ ಬಟ್ಟೆ ಉದ್ಯಮಿ. ನಿಂತ ಬಾಬಿನ್ನಿನ ತುದಿಯಿಂದ ನೂಲು ಸರಾಗ ಬಿಚ್ಚಿಕೊಂಡು ಬರುವುದು ಗಿರಣಿಯಲ್ಲಿ ದಿನವೂ ಕಾಣುವ ನೋಟ. ಅವನ ರೀಲಿಗೆ ಪ್ರೇರಣೆ ಅದೇ ಎಂದು ರೀಲಿನ ಇತಿಹಾಸ ಬರೆದವರು ಹೇಳುತ್ತಾರೆ. ಅಂದರೆ ನೂಲಿನ ಗಿರಣಿಯ ವಿದ್ಯೆಯೇ ಹೊಳೆಯ ದಂಡೆಗೆ ಹೋಗಿ ರೀಲಾಯಿತು. ಗಿರಣಿಯ ಮನುಷ್ಯನಿಗೆ ಅದು ಅಪರಿಚಿತವಾಗುವುದಾದರೂ ಹೇಗೆ?

ನಮ್ಮ ಸೀಮೆಗೂ ಇಂಗ್ಲೆಂಡಿನ ಗಿರಣಿಗಳಿಗೂ ಹಳೆಯ ನಂಟು. 1840ರ ದಶಕದಿಂದ ಧಾರವಾಡದ ಎರೆಹೊಲದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿಯ ಬೀಜ ಬಿತ್ತಿಸಿದರು. ಅದು ಇಲ್ಲಿನ ನೆಲಕ್ಕೆ ಒಗ್ಗಿ ‘ಧಾರವಾಡ ಅಮೆರಿಕನ್’ ಎಂದು ಹೆಸರಾಯಿತು. ಅರಳೆ ಚಕ್ಕಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರು ಸೇರುತ್ತಿತ್ತು, ಅಲ್ಲಿಂದ ಮುಂಬಯಿ, ಮುಂದೆ ಲ್ಯಾಂಕಶೈರ್. 1861ರಿಂದ 1865ರ ಅಮೆರಿಕದ ಅಂತರ್ಯುದ್ಧದಲ್ಲಿ ಅಲ್ಲಿನ ಹತ್ತಿ ನಿಂತಾಗ ಇಲ್ಲಿನ ಹತ್ತಿಗೆ ಎಂದೂ ಕಾಣದ ಬೆಲೆ ಬಂತು, ಯುದ್ಧ ಮುಗಿದಾಗ ಬಿತ್ತು. ಆ ಶತಮಾನ ಮುಗಿಯುವಷ್ಟರಲ್ಲಿ ಹುಬ್ಬಳ್ಳಿಯಲ್ಲೇ ನೂಲಿನ ಗಿರಣಿ ಎದ್ದಿತ್ತು.

ಗಿರಣಿಗಿಂತ ಮೊದಲೂ ಇಲ್ಲಿ ದಾರ ಸುತ್ತುವವರಿದ್ದರು. ಗದಗ-ಬೆಟಗೇರಿ, ಹಳೇಹುಬ್ಬಳ್ಳಿಯ ನೇಕಾರರ ಮನೆಗಳಲ್ಲಿ ಲಡಿಯ ನೂಲನ್ನು ರಾಟಿಯಲ್ಲಿ ಕಂಡಿಕೆಗೆ ಸುತ್ತುವುದು ಹೆಂಗಸರ, ಮುದುಕರ, ಮಕ್ಕಳ ಕೆಲಸ. ಆ ಕಂಡಿಕೆ ಲಾಳಿಯೊಳಗೆ ಕೂತು ಹೊಕ್ಕಾಗಿ ಓಡುತ್ತದೆ. ಕಂಡಿಕೆ ಸಡಿಲವಾದರೆ ಮಗ್ಗ ನಿಲ್ಲುತ್ತದೆ. ಸೀರೆಗೆ ನೇಯ್ದವರ ಹೆಸರು, ಮಾರಿದವರ ಹೆಸರು, ಊರಿನ ಹೆಸರು ಬಂತು. ಕಂಡಿಕೆ ಸುತ್ತಿದವರ ಹೆಸರಿನ ಸೀರೆಯನ್ನು ನಾವಂತೂ ಕೇಳಿಲ್ಲ.

ಮಂಗಳೂರಲ್ಲಿ ಅಚ್ಚಾದ ಪುಸ್ತಕ

ಭಾರತದಲ್ಲಿ ರಾಡು-ರೀಲಿನ ಮೀನುಗಾರಿಕೆಗೆ ಮೂಲಗ್ರಂಥ ಎನಿಸಿಕೊಂಡ ‘ದಿ ರಾಡ್ ಇನ್ ಇಂಡಿಯಾ’ ಮೊದಲು ಅಚ್ಚಾದದ್ದು ಲಂಡನ್ನಿನಲ್ಲಿ ಅಲ್ಲ, 1873ರಲ್ಲಿ ನಮ್ಮ ಮಂಗಳೂರಿನಲ್ಲಿ, ಬಾಸೆಲ್ ಮಿಷನ್ನಿನ ಮುದ್ರಣಾಲಯದಲ್ಲಿ. ಬರೆದವನು ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್. ಪತ್ರಿಕೋದ್ಯಮ ಕಲಿತ ನಮ್ಮಂಥವರಿಗೆ ಬಾಸೆಲ್ ಮಿಷನ್ ಎಂದರೆ 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ನೆನಪಾಗುತ್ತದೆ. ಮೊದಲ ಕನ್ನಡ ಪತ್ರಿಕೆಯ ಹಿಂದಿದ್ದ ಮಿಷನ್ನಿನ ಅಚ್ಚಿನ ಮನೆಯಲ್ಲೇ ಭಾರತದ ಗಾಳದ ಪುಸ್ತಕವೂ ಅಚ್ಚಾಯಿತು ಎಂಬುದು ನಮಗೆ ಈ ಹುಡುಕಾಟದಲ್ಲಿ ಸಿಕ್ಕ ಖುಷಿಯ ಸಂಗತಿ.

ಥಾಮಸ್ ಬರೀ ಮೋಜಿನ ಮನುಷ್ಯ ಆಗಿರಲಿಲ್ಲ. ದಕ್ಷಿಣ ಕನ್ನಡದ ಹೊಳೆಗಳ ಮೀನಿನ ಸಾಕಣೆ, ರಕ್ಷಣೆಯ ಬಗ್ಗೆ 1870ರಲ್ಲೇ ಅವನ ವರದಿ ಪ್ರಕಟವಾಗಿತ್ತು. ಸಣ್ಣ ಕಣ್ಣಿನ ಬಲೆ ಹಾಕಿ ಮರಿಮೀನು ಬಾಚುವುದು, ಹೊಳೆಗೆ ವಿಷ ಬೆರೆಸುವುದು ಮುಂದಿನ ವರ್ಷಗಳ ಮೀನನ್ನು ಇಂದೇ ಕೊಂದಂತೆ ಎಂಬುದು ಅವನ ವಾದ. 1897ರ ಭಾರತೀಯ ಮೀನುಗಾರಿಕೆ ಕಾಯ್ದೆ ಸಿಡಿಮದ್ದು ಮತ್ತು ವಿಷ ಹಾಕಿ ಮೀನು ಹಿಡಿಯುವುದನ್ನು ನಿಷೇಧಿಸಿತು. ಮಹಸೀರ್ ಮೀನಿನ ಬಗ್ಗೆಯಂತೂ ಅವನಿಗೆ ಅಪಾರ ಗೌರವ. ತೂಕಕ್ಕೆ ತೂಕ ಹಿಡಿದರೆ ತನ್ನ ದೇಶದ ಸಾಲ್ಮನ್ ಮೀನಿಗಿಂತ ಮಹಸೀರ್ ಹೆಚ್ಚು ಕಾದಾಡುತ್ತದೆ ಎಂದು ಬರೆದ.

ಆ ಕಾಲದ ಒಳ್ಳೆಯ ದಾರ ರೇಷ್ಮೆಯದು. ಹೆಣೆದ ರೇಷ್ಮೆಗೆ ಅಗಸೆ ಎಣ್ಣೆ ಕುಡಿಸಿ ನೀರು ಹಿಡಿಯದಂತೆ ಮಾಡುತ್ತಿದ್ದರು. ಎಣ್ಣೆ ಎಷ್ಟೇ ಕುಡಿಸಿದರೂ ಸಂಜೆಗೆ ದಾರವನ್ನೆಲ್ಲ ರೀಲಿನಿಂದ ಬಿಚ್ಚಿ, ದೊಡ್ಡ ಚೌಕಟ್ಟಿಗೆ ಸುತ್ತಿ ಗಾಳಿಗಿಡಬೇಕು. ಬೆಳಿಗ್ಗೆ ಮತ್ತೆ ಬಿಗಿಯಾಗಿ ರೀಲಿಗೆ ಸುತ್ತಬೇಕು. ಹಾಗೆ ಮಾಡದಿದ್ದರೆ ಬೇಗನೆ ಕೊಳೆತು, ದೊಡ್ಡ ಮೀನು ಬಿದ್ದ ದಿನವೇ ಕೈಕೊಡುತ್ತದೆ. ಕಚೇರಿ, ಕೋರ್ಟು, ಸವಾರಿ ಇದ್ದ ಸಾಹೇಬರು ದಿನವೂ ತಾವೇ ಕೂತು ಇದನ್ನು ಮಾಡುತ್ತಿದ್ದರೆಂದು ನಂಬುವುದು ಕಷ್ಟ. ಬಂಗಲೆಯ ಜಗಲಿಯಲ್ಲಿ ದಾರ ಒಣಹಾಕಿದ ಕೈಗಳು ಯಾರವೋ ಇದ್ದವು.

ಕಾವೇರಿಯ ಹರಿಗೋಲು

1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಕಾವೇರಿ ಕಣಿವೆಯಲ್ಲಿ 120 ಪೌಂಡಿನ ಮಹಸೀರ್ ಹಿಡಿದರು. ನಮ್ಮ ಲೆಕ್ಕದಲ್ಲಿ ಸುಮಾರು 54 ಕಿಲೋ. ಬೇಟೆಯ ಪ್ರಾಣಿಗಳನ್ನು ಜೀವ ಬಂದಂತೆ ನಿಲ್ಲಿಸುವುದರಲ್ಲಿ ಲೋಕಪ್ರಸಿದ್ಧವಾಗಿದ್ದ ಮನೆತನ ಅದು. ಗಾಳದಲ್ಲಿ ಹಿಡಿದ ಅತಿ ದೊಡ್ಡ ಮಹಸೀರ್‌ಗಳಲ್ಲಿ ಅದೂ ಒಂದು.

ಆಮೇಲೆ ಸಿಡಿಮದ್ದಿನ ಹಾವಳಿ ಹೆಚ್ಚಿತು, ಕಾವೇರಿಯ ದೊಡ್ಡ ಮೀನುಗಳ ಸುದ್ದಿ ಅಡಗಿತು. ಮೀನು ಮುಗಿದೇ ಹೋಯಿತು ಎಂದುಕೊಂಡವರೂ ಇದ್ದರು. 1978ರ ಸುಮಾರಿಗೆ ಇಂಗ್ಲೆಂಡಿನ ಮೂವರು ತರುಣರು ಇಲ್ಲಿಗೆ ಬಂದು, ಹುಡುಕಿ, ದೊಡ್ಡ ಮೀನು ಇನ್ನೂ ಇದೆ ಎಂದು ತೋರಿಸಿದರು. ನಂತರ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಕಳಿಗಳ ಶಿಬಿರಗಳಿಗೆ ಹೊರದೇಶದವರು ಬರತೊಡಗಿದರು. ನಿಯಮ ಒಂದೇ, ಹಿಡಿದ ಮೀನನ್ನು ತೂಗಿ, ಫೋಟೋ ತೆಗೆದು ಮತ್ತೆ ನೀರಿಗೆ ಬಿಡಬೇಕು.

ಈ ಶಿಬಿರಗಳು ನಡೆದದ್ದು ಹೊಳೆಯ ದಂಡೆಯ ಹಳ್ಳಿಗರಿಂದ. ಅವರನ್ನು ಗಿಲ್ಲಿ ಎಂದು ಕರೆಯುತ್ತಿದ್ದರು. ಅದು ಸ್ಕಾಟ್ಲೆಂಡಿನ ಹೊಳೆಗಳಲ್ಲಿ ಸಾಹೇಬರ ಜೊತೆ ಹೋಗುವ ಸಹಾಯಕನ ಹೆಸರು. ಅವರಲ್ಲಿ ಕೆಲವರು ಮೊದಲು ಕದ್ದು ಮೀನು ಹೊಡೆದವರು, ಹಾಗಾಗಿ ಹೊಳೆಯ ಒಂದೊಂದು ಮಡುವೂ ಗೊತ್ತಿದ್ದವರು. ರಾಗಿ ಹಿಟ್ಟನ್ನು ಬೇಯಿಸಿ ನಾದಿ, ನಿಂಬೆಹಣ್ಣಿನಿಂದ ಹಿಡಿದು ಕಿತ್ತಳೆಯ ಗಾತ್ರದವರೆಗೆ ಉಂಡೆ ಕಟ್ಟುವುದು, ಹರಿಗೋಲು ಹಾಕುವುದು, ಮೀನು ಬಂಡೆಯ ಸಂದಿಗೆ ನುಗ್ಗಿದಾಗ ಹರಿಗೋಲಿನಲ್ಲಿ ಹೋಗಿ ದಾರ ಬಿಡಿಸುವುದು ಅವರ ಕೆಲಸ. ಕಾವೇರಿಯ ಬಂಡೆಗಳು ದಾರವನ್ನು ಕತ್ತರಿಯಂತೆ ಕೊಯ್ಯುತ್ತವೆ. ಸವೆದ ದಾರವನ್ನು ಬೆರಳಿನಿಂದ ತಡವಿ ಗುರುತಿಸಿ, ಕತ್ತರಿಸಿ, ಮತ್ತೆ ಸುತ್ತಿ ಕಟ್ಟುವ ಕಣ್ಣು-ಕೈ ಇದ್ದರೆ ಮಾತ್ರ ಮರುದಿನದ ಮೀನು. ವಿದೇಶಿ ಪತ್ರಿಕೆಗಳ ಫೋಟೋಗಳಲ್ಲಿ ಮೀನನ್ನು ಎತ್ತಿಹಿಡಿದ ಅತಿಥಿಯ ಪಕ್ಕದಲ್ಲಿ ನೀರಲ್ಲಿ ಸೊಂಟಮಟ ನಿಂತವರು ಇವರೇ.

2010ರ ನಂತರ ವನ್ಯಜೀವಿ ಕಾಯ್ದೆಯ ಪ್ರಕಾರ ಕಾವೇರಿ ಅಭಯಾರಣ್ಯದೊಳಗೆ ಗಾಳದ ಆಟ ನಿಂತಿತು. ಅಭಯಾರಣ್ಯದಲ್ಲಿ ಮೋಜಿಗಾಗಿ ಜೀವಿಯನ್ನು ಗಾಳಕ್ಕೆ ಸಿಕ್ಕಿಸುವುದು ಸರಿಯಲ್ಲ ಎಂಬುದು ಒಂದು ವಾದ. ಗಾಳದವರು ಹೊಳೆಯಲ್ಲಿ ಇದ್ದುದರಿಂದಲೇ ಸಿಡಿಮದ್ದಿನವರು ಬರುತ್ತಿರಲಿಲ್ಲ ಎಂಬುದು ಇನ್ನೊಂದು ವಾದ. ಎರಡರಲ್ಲೂ ಸತ್ಯ ಇದೆ. ಕೆಲಸ ಹೋದದ್ದು ಮಾತ್ರ ಗಿಲ್ಲಿಗಳದ್ದು. 2018ರಲ್ಲಿ ವಿಜ್ಞಾನಿಗಳು ಕಾವೇರಿಯ ಡುಬ್ಬದ ಮಹಸೀರ್‌ಗೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರನ್ನು ಖಚಿತಪಡಿಸಿದರು. ಅದೇ ವರ್ಷ ಅದು ಅಳಿವಿನ ಅತಿ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಅಷ್ಟು ಕಾಲ ಹಿಡಿದು, ತೂಗಿ, ಫೋಟೋ ತೆಗೆದ ಮೀನಿಗೂ ಸರಿಯಾದ ಹೆಸರು ಇರಲಿಲ್ಲ.

ಜಾರುವ ದಾರ

ದಾರದ ಕತೆಗೆ ಮರಳೋಣ. 1938ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿ ನೈಲಾನ್ ಪ್ರಕಟಿಸಿತು. ಕೊಳೆಯದ, ಒಣಗಿಸಬೇಕಿಲ್ಲದ, ಒಂದೇ ಎಳೆಯ ದಾರ ಬಂತು. ಸಾವಿರಾರು ವರ್ಷದ ದಾರ ಒಣಗಿಸುವ ಕಾಯಕ ಒಂದೇ ತಲೆಮಾರಿನಲ್ಲಿ ಮುಗಿಯಿತು. ಇವತ್ತು ನಮ್ಮ ಹಳ್ಳಿಯ ಹುಡುಗರು ಖಾಲಿ ಡಬ್ಬಿಗೆ ನೈಲಾನ್ ಸುತ್ತಿ, ಡಬ್ಬಿಯ ಬಾಯಿಯನ್ನು ಕೆರೆಯತ್ತ ಹಿಡಿದು ಗಾಳ ಎಸೆಯುತ್ತಾರೆ. ಡಬ್ಬಿ ತಿರುಗುವುದಿಲ್ಲ, ದಾರ ಅಂಚಿನಿಂದ ಜಾರಿ ಹೋಗುತ್ತದೆ. ಇಲ್ಲಿಂಗ್‌ವರ್ತ್ ಹಕ್ಕುಪತ್ರ ಪಡೆದದ್ದು ಇದೇ ತತ್ವಕ್ಕೆ. ಹುಡುಗರಿಗೆ ಅವನ ಹೆಸರು ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

1970ರ ದಶಕದ ಕೊನೆಗೆ ನೆದರ್ಲೆಂಡಿನ ಪ್ರಯೋಗಾಲಯವೊಂದರಲ್ಲಿ ಪಾಲಿಥೀನಿನ ಅತಿ ಉದ್ದನೆಯ ಅಣುಸರಪಳಿಗಳನ್ನು ಒಂದೇ ದಿಕ್ಕಿಗೆ ಎಳೆದು ನಾರು ಮಾಡುವ ವಿಧಾನ ಸಿದ್ಧವಾಯಿತು. ಮೂಲವಸ್ತು ನಮ್ಮ ಕ್ಯಾರಿಬ್ಯಾಗಿನದೇ, ಆದರೆ ತೂಕಕ್ಕೆ ತೂಕ ಉಕ್ಕಿಗಿಂತ ಎಷ್ಟೋ ಪಟ್ಟು ಗಟ್ಟಿ. ಡೈನೀಮಾ, ಸ್ಪೆಕ್ಟ್ರಾ ಎಂಬ ಹೆಸರಿನಲ್ಲಿ ಅದು ಗುಂಡುನಿರೋಧಕ ಅಂಗಿಗೂ ಹಡಗಿನ ಹಗ್ಗಕ್ಕೂ ಹೋಯಿತು. 1990ರ ದಶಕದಲ್ಲಿ ಅದರ ಎಳೆಗಳನ್ನು ಹೆಣೆದು ಮೀನಿನ ದಾರ ಮಾಡಿದರು. ಹಳೆಯ ರೇಷ್ಮೆಯಂತೆ ಮತ್ತೆ ಹೆಣೆದ ದಾರ!

ಈ ನಾರು ಹಿಗ್ಗುವುದಿಲ್ಲ, ನೀರು ಕುಡಿಯುವುದಿಲ್ಲ, ಜೊತೆಗೆ ಬೆಣ್ಣೆಯಂತೆ ಜಾರುತ್ತದೆ. ನೈಲಾನ್ ಸುತ್ತುವಾಗ ತುಸು ಹಿಗ್ಗಿ, ಆಮೇಲೆ ಕುಗ್ಗಿ ರೀಲನ್ನು ಅಪ್ಪಿಕೊಳ್ಳುತ್ತದೆ. ಹೆಣೆದ ದಾರಕ್ಕೆ ಆ ಗುಣ ಇಲ್ಲ. ನುಣುಪಾದ ಲೋಹದ ಬುಡಕ್ಕೆ ನೇರ ಸುತ್ತಿದರೆ ನೂರು ಮೀಟರಿನ ಇಡೀ ಉಂಡೆ ಬುಡದ ಮೇಲೆ ಬಳೆಯಂತೆ ತಿರುಗುತ್ತದೆ. ನಮ್ಮ ಗೆಳೆಯನಿಗೆ ಆದದ್ದು ಇದೇ.

ಎರಡು ವಾರ ಬಿಟ್ಟು ಹೊಸ ದಾರ ಕೊಂಡು ಕಾಕಾ ಅವರ ಮನೆಗೆ ಹೋದೆವು. ಕಟ್ಟೆಯ ಮೇಲೆ ಕೂತು ಅವರು ಸುತ್ತಿಕೊಟ್ಟರು. ಮೊದಲು ಬುಡಕ್ಕೆ ಏಳೆಂಟು ಮೀಟರು ಸಾದಾ ನೈಲಾನ್ ಸುತ್ತಿಸಿದರು, ಅದು ಲೋಹವನ್ನು ಹಿಡಿಯುತ್ತದೆ. ಅದರ ತುದಿಗೆ ಹೆಣೆದ ದಾರ ಗಂಟು ಹಾಕಿ, ಗಂಟನ್ನು ಉಗುರಿನಿಂದ ಒತ್ತಿ ನೋಡಿದರು. ದಾರದ ಉಂಡೆಗೆ ಪೆನ್ಸಿಲ್ ತೂರಿಸಿ ನಮ್ಮಲ್ಲೊಬ್ಬನ ಕೈಗೆ ಕೊಟ್ಟು, ಉಂಡೆ ತಿರುಗಿಯೇ ದಾರ ಬಿಡಬೇಕು, ಇಲ್ಲದಿದ್ದರೆ ಸುತ್ತಿಗೊಂದು ತಿರುಚು ಏರುತ್ತದೆ ಎಂದರು. ಒದ್ದೆ ಬಟ್ಟೆಯ ಮಡಿಕೆಯಲ್ಲಿ ದಾರ ಹಿಡಿದು, ಮೊದಲಿನಿಂದ ಕೊನೆಯವರೆಗೆ ಒಂದೇ ಬಿಗಿಯಲ್ಲಿ ಎಳೆದರು.

“ಸಡ್ಲ ಸುತ್ತಿದ್ರ ಮ್ಯಾಲಿನ ಎಳಿ ಕೆಳಗಿನ ಎಳ್ಯಾಗ ಹೂತಕೊಂತೈತಿ. ಗಿರಣ್ಯಾಗ ಅಂಥಾ ಕೋನ್ ಬಂದ್ರ ವಾಪಸ್ ಕಳಸ್ತಿದ್ರು. ಭಾಳ ಬಿಗಿದ್ರೂ ಬ್ಯಾಡ. ಕೈಗೆ ಗೊತ್ತಾಗ್ತೈತಿ.”

ಅಂಚಿಗೆ ಎರಡು ಮಿಲಿಮೀಟರಿನಷ್ಟು ಜಾಗ ಉಳಿದಾಗ ನಿಲ್ಲಿಸಿದರು. ತುಂಬಿ ತುಳುಕಿದರೆ ಎಸೆಯುವಾಗ ಸುರುಳಿಗಳು ಒಟ್ಟೊಟ್ಟಿಗೆ ಜಾರಿ ಗಂಟಾಗುತ್ತವೆ. ಇದನ್ನೆಲ್ಲ ಅವರು ಎಲ್ಲೂ ಓದಿರಲಿಲ್ಲ. ಅವರ ಗಿರಣಿ ಮುಚ್ಚಿ ದಶಕಗಳಾದವು. ಇಪ್ಪತ್ತೆರಡು ವರ್ಷದ ಕೆಲಸದಿಂದ ಅವರ ಬಳಿ ಉಳಿದ ಕಾಗದ ಒಂದು ಗುರುತಿನ ಚೀಟಿ ಮಾತ್ರ. ಅದರಲ್ಲಿ ಹೆಸರು, ಟಿಕೆಟ್ ನಂಬರು, ವಿಭಾಗ ಇವೆ. ಕೈಯಲ್ಲಿದ್ದ ವಿದ್ಯೆ ಅದರಲ್ಲಿಲ್ಲ. “ಇದನ್ನ ಯಾರೂ ಕೇಳಿರ್ಲಿಲ್ಲ ನೋಡ್ರಿ” ಎಂದರು. ದೂರಿನ ದನಿಯಲ್ಲಿ ಅಲ್ಲ, ಸುಮ್ಮನೆ.

ಹೊರಡುವಾಗ ಅವರೇ ಕೇಳಿದರು, “ಕೆರಿಯಾಗ ಹೋದ ದಾರ ಏನಾತು?” ನಾವು ಅದನ್ನು ಮರೆತೇ ಬಿಟ್ಟಿದ್ದೆವು.

ಆ ಸಂಜೆ ಮತ್ತೆ ಕೆರೆಗೆ ಹೋದೆವು. ನೀರು ಇನ್ನಷ್ಟು ಇಳಿದಿತ್ತು. ಹಸಿರು ದಾರ ಜಾಲಿಕಂಟಿಗೆ ಸುತ್ತಿಕೊಂಡಿತ್ತು. ಅದರಲ್ಲಿ ಕಾಲು, ರೆಕ್ಕೆ ಸಿಕ್ಕಿಸಿಕೊಂಡು ಒಂದು ನೀರುಕಾಗೆ ಸತ್ತು ಒಣಗಿತ್ತು. ಹತ್ತಿಯ ದಾರವಾಗಿದ್ದರೆ ಒಂದು ಮಳೆಗಾಲಕ್ಕೆ ಕೊಳೆತು ಹರಿಯುತ್ತಿತ್ತು. ಇದು ನಾವು ಸತ್ತ ಮೇಲೂ ಅಲ್ಲೇ ಇರುತ್ತಿತ್ತು. ಕೊಳೆಯದ ದಾರ ಬಂದದ್ದರಿಂದ ಒಣಗಿಸುವ ಕೆಲಸ ತಪ್ಪಿತು ಎಂದು ಮೇಲೆ ಬರೆದೆವು. ಆ ಜಾಗಕ್ಕೆ ಇನ್ನೊಂದು ಕೆಲಸ ಬಂದಿದೆ, ದಾರವನ್ನು ಲೆಕ್ಕ ಹಾಕಿ ಮನೆಗೆ ಮರಳಿ ತರುವುದು. ಅದನ್ನು ಬೇರೆ ಯಾರ ಕೈಗೂ ಬಿಡುವಂತಿಲ್ಲ.

ಮುಳ್ಳು ಚುಚ್ಚಿಸಿಕೊಳ್ಳುತ್ತ ದಾರ ಬಿಡಿಸಿ ಅಂಗೈಗೆ ಸುತ್ತುತ್ತ ಬಂದೆವು. ಸಿಕ್ಕಿದ್ದು ಅರವತ್ತು ಮೀಟರಿನಷ್ಟು. ಉಳಿದದ್ದು ಇನ್ನೂ ಆ ಕೆರೆಯಲ್ಲಿದೆ. ಮಳೆಗಾಲಕ್ಕೆ ಮೊದಲು ಇನ್ನೊಮ್ಮೆ ಹೋಗಬೇಕು.